ಬೇಕಾಗಿದ್ದಾರೆ: ಅನುಭವವಿರುವ ಹೊಸಬರು

ಟಿವಿ ಧಾರಾವಾಹಿಯ ಪ್ರೊಡಕ್ಷನ್‌ಗೆ ಟ್ರೈನಿಗಳು ಬೇಕಾಗಿದ್ದಾರೆ ಎಂಬ ಆ ಜಾಹೀರಾತು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಹೊಸಬರಿಗೆ ಆದ್ಯತೆಯಂತೆ, ಎರಡು ವರ್ಷದ ಅನುಭವ ಕಡ್ಡಾಯವಂತೆ. ಸ್ವಂತ ಲ್ಯಾಪ್‌ಟಾಪ್, ಸ್ವಂತ ಬೈಕು ಇರಬೇಕು. ಹಗಲು ರಾತ್ರಿ ಎನ್ನಬಾರದು. ಮೊದಲ ಆರು ತಿಂಗಳು ಸಂಬಳವಿಲ್ಲ, ಆದರೆ ಒಳ್ಳೆಯ ಎಕ್ಸ್‌ಪೋಷರ್ ಇದೆ. ಎಂಥ ದೊಡ್ಡ ಮನಸ್ಸು! ಬೆಂಗಳೂರಿನ ಪಿಜಿ ಮಾಲೀಕರು ಮಾತ್ರ ಎಕ್ಸ್‌ಪೋಷರ್ ಸ್ವೀಕರಿಸುವ ಕ್ಯೂಆರ್ ಕೋಡನ್ನು ಇನ್ನೂ ಅಂಟಿಸಿಲ್ಲ.

ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ನಮ್ಮ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಅಂದರೆ ಮನೆಯಲ್ಲಿ ಕೂತರೆ ಮೂರು ಸಾವಿರ, ಸೆಟ್ಟಿನಲ್ಲಿ ಹದಿನಾಲ್ಕು ಗಂಟೆ ನಿಂತರೆ ಸೊನ್ನೆ. ಇಂಥ ಟ್ರೈನಿ ಉದ್ಯೋಗಿಯೋ ನಿರುದ್ಯೋಗಿಯೋ ಎಂದು ಅರ್ಜಿ ತುಂಬುವಾಗ ಅವನಿಗೇ ಗೊತ್ತಾಗುವುದಿಲ್ಲ.

ಕೆಲಸವೇನೋ ಬೇಕಾದಷ್ಟಿದೆ. ಸೊಸೆಯ ತಾಳಿ ಸೆರಗಿನ ಹೊರಗಿತ್ತೋ ಒಳಗಿತ್ತೋ, ಬಳೆ ಯಾವ ಬಣ್ಣದ್ದೋ, ಮುಂದಿನ ಶಾಟ್‌ಗೆ ತಾಳೆಯಾಗಲೆಂದು ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಬೇಕು. ಕ್ಲಾಪ್ ಹಿಡಿಯಬೇಕು. ಆದರೆ ಇವೆಲ್ಲಕ್ಕಿಂತ ದೊಡ್ಡ ಕಲೆಯೆಂದರೆ ಪ್ರಾಂಪ್ಟಿಂಗ್. ಮಾತುಗಳನ್ನು ಬರೆದ ಸೀನ್ ಪೇಪರ್ ಎಷ್ಟೋ ಸಲ ಸೆಟ್ಟಿಗೆ ಬರುವುದೇ ಶೂಟಿಂಗ್ ದಿನ ಬೆಳಿಗ್ಗೆ. ಬಾಯಿಪಾಠ ಮಾಡಲು ಕಲಾವಿದರಿಗೆ ಪುರುಸೊತ್ತೆಲ್ಲಿ? ಹಾಗಾಗಿ ಸೋಫಾದ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ ಕುಕ್ಕರಗಾಲಿನಲ್ಲಿ ಕೂತು ಒಬ್ಬ ಮಾತು ಹೇಳಿಕೊಡಬೇಕು. ಅತ್ತೆ 'ನನ್ನ ಹೆಣದ ಮೇಲೆ ಈ ಮದ್ವೆ ನಡೀಬೇಕು!' ಎಂದು ಗುಡುಗುವ ಮೊದಲು, ಮೀಸೆ ಈಗಷ್ಟೇ ಬಲಿತ ಹುಡುಗನೊಬ್ಬ ರೇಷನ್ ಅಂಗಡಿಯಲ್ಲಿ ಹೆಸರು ಕೂಗುವ ಹಾಗೆ 'ನನ್ನ ಹೆಣದ ಮೇಲೆ... ಈ ಮದ್ವೆ... ನಡೀಬೇಕು' ಅನ್ನುತ್ತಾನೆ. ಸೊಸೆ, ಮೈದುನ, ಡಾಕ್ಟರು, ಜೋಯಿಸರು, ಎಲ್ಲರೂ ಮೊದಲು ಅವನ ಬಾಯಲ್ಲೇ ಹುಟ್ಟಬೇಕು. ಸಂಜೆಯೊಳಗೆ ಅವನು ತಾಳಿ ಕಟ್ಟಿ, ಕಟ್ಟಿಸಿಕೊಂಡು, ವಿಷ ಕುಡಿದು, ನೆನಪಿನ ಶಕ್ತಿ ಕಳೆದುಕೊಂಡು, ಕೊನೆಗೆ ತನಗೇ ಶಾಪ ಹಾಕಿಕೊಂಡಿರುತ್ತಾನೆ. ಇಷ್ಟೊಂದು ಪಾತ್ರ ಮಾಡಿದವನಿಗೆ ಬಾಟಾ, ಅಂದರೆ ದಿನದ ಭತ್ಯೆ, ಇಲ್ಲ. ಅವನು ತೊದಲಿದರೆ ಅತ್ತೆಯೂ ತೊದಲುತ್ತಾರೆ, ಬೈಗುಳ ಮಾತ್ರ ಅವನೊಬ್ಬನ ಪಾಲಿಗೆ.

ಹುಡುಗಿಯರಿಗೆ ಇನ್ನೊಂದು ಅನುಕೂಲವಿದೆ. ಬಸ್ ಚಾರ್ಜ್ ಕೇಳಿದರೆ 'ನಿಮ್ಗೆ ಫ್ರೀ ಅಲ್ವೇನಮ್ಮಾ?' ಅನ್ನುತ್ತಾರೆ ಮ್ಯಾನೇಜರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿದ್ದೇ ಧಾರಾವಾಹಿಯವರ ಖರ್ಚು ಉಳಿಸಲಿಕ್ಕೆ ಎಂದು ನನಗೂ ಆಮೇಲೆ ಹೊಳೆಯಿತು. ಪ್ಯಾಕಪ್ ಆಗುವಷ್ಟರಲ್ಲಿ ಕೆಂಗೇರಿಯ ಆಚೆಯ ಆ ಶೂಟಿಂಗ್ ಮನೆಯಿಂದ ಬಸ್ಸೇ ಇರುವುದಿಲ್ಲ. ಇಲ್ಲದ ಬಸ್ಸೂ ಫ್ರೀಯೇ ಬಿಡಿ.

'ನಾವೂ ಹೀಗೇ ಬಂದವರು ಕಣ್ರೀ' ಎನ್ನುತ್ತಾರೆ ಹಿರಿಯರು. ಬಂದಿರಬಹುದು ಸ್ವಾಮಿ. ನೀವು ಬಂದಾಗ ರೂಮಿಗೆ ಅಡ್ವಾನ್ಸ್ ಎಷ್ಟಿತ್ತು? ತಮಾಷೆ ಮಾಡಿಯೂ ಸಾಕಾಯಿತು. ಶೂಟಿಂಗ್ ಮನೆಯ ಬಾಡಿಗೆ, ಲೈಟು, ಜನರೇಟರಿನ ಡೀಸೆಲ್ಲು, ಎಲ್ಲಕ್ಕೂ ಬಜೆಟ್ಟಿನಲ್ಲಿ ಒಂದೊಂದು ಸಾಲಿದೆ. ಕೆಲಸ ಮಾಡುವ ಹುಡುಗನಿಗಿಲ್ಲ. ದುಡಿಸಿಕೊಂಡ ಮೇಲೆ ಕೂಲಿ ಕೊಡಬೇಕು. ಇದನ್ನು ಇನ್ನೂ ಬರೆಯಬೇಕಾಗಿರುವುದೇ ನಾಚಿಕೆಗೇಡು.

ಆರು ತಿಂಗಳು ಹೀಗೆ ತಡೆದುಕೊಳ್ಳುವವರು ಯಾರು? ಬನಶಂಕರಿಯಲ್ಲೋ ವಿಜಯನಗರದಲ್ಲೋ ಅಪ್ಪನ ಮನೆ ಇರುವವರು. ಸಿಂಧನೂರಿನಿಂದ ಬಂದವನು ಎರಡನೇ ತಿಂಗಳಿಗೇ ಡೆಲಿವರಿ ಬ್ಯಾಗು ಹೆಗಲಿಗೇರಿಸುತ್ತಾನೆ. ಆಮೇಲೊಂದು ಗುರುವಾರ ಟಿಆರ್‌ಪಿ ನೋಡಿದ ಚಾನೆಲ್ಲಿನವರಿಗೆ ಇದ್ದಕ್ಕಿದ್ದಂತೆ ಉತ್ತರ ಕರ್ನಾಟಕದ ನೇಟಿವಿಟಿ ಬೇಕಾಗುತ್ತದೆ. ಜಯನಗರದಲ್ಲಿ ಕೂತು ಸಂಭಾಷಣೆ ಬರೆಯುವವರು ವಾಕ್ಯಕ್ಕೊಂದರಂತೆ 'ಐತ್ರೀ', 'ಹೌದಲ್ರೀ' ಅಂಟಿಸಿ ಕಳಿಸುತ್ತಾರೆ. ಬನಶಂಕರಿಯ ಹುಡುಗ ಅದನ್ನು ಸೋಫಾದ ಹಿಂದಿನಿಂದ ಹೇಳಿಕೊಡುತ್ತಾನೆ. ಸಿಂಧನೂರಿನಲ್ಲಿ ಟಿವಿ ಮುಂದೆ ಕೂತ ಅವ್ವ ಮಗಳನ್ನು ಕೇಳುತ್ತಾಳೆ: 'ಇವ್ರು ಯಾವೂರ ಮಂದೀನ? ಹಿಂಗ್ಯಾಕ ಮಾತಾಡ್ತಾರ?'