ಎರಡು ಡಬ್ಬಿಗಳ ಸಂಸಾರ

ಯಾರ ಮನೆಗೆ ಹೋದರೂ ಎರಡು ಡಬ್ಬಿ ಇದ್ದೇ ಇರುತ್ತವೆ. ಒಂದು ಒಲೆ ಪಕ್ಕದ ಒಗ್ಗರಣೆ ಡಬ್ಬಿ. ಸ್ಟೀಲಿನದು, ಒಳಗೆ ಸಣ್ಣ ಸಣ್ಣ ಬಟ್ಟಲು, ಅರಿಶಿನದಲ್ಲಿರಬೇಕಾದ ಚಮಚ ಯಾವಾಗಲೂ ಸಾಸಿವೆಯಲ್ಲಿ. ಇನ್ನೊಂದು ಮಾತ್ರೆ ಡಬ್ಬಿ. ಇದನ್ನು ಇದಕ್ಕೆಂದೇ ದುಡ್ಡು ಕೊಟ್ಟು ತಂದವರನ್ನು ನಾನು ಕಂಡಿಲ್ಲ. ಯಾವುದೋ ನಾಮಕರಣದಲ್ಲಿ ಲಾಡು ತುಂಬಿ ಕೊಟ್ಟದ್ದೋ, ದೀಪಾವಳಿಗೆ ಆಫೀಸಿನಿಂದ ಗೋಡಂಬಿ ಹೊತ್ತು ಬಂದದ್ದೋ, ಅಂತೂ ಹಿಂದಿನ ಜನ್ಮದಲ್ಲಿ ಸಿಹಿ ಹಂಚಿದ ಡಬ್ಬಿಯೇ ಈ ಜನ್ಮದಲ್ಲಿ ಕಹಿ ಕಾಯುತ್ತದೆ. ಮನೆಯಲ್ಲಿ ಯಾರಾದರೂ ಸೀನಿದರೆ ಸಾಕು, ಯಾವ ಡಬ್ಬಿಯ ಮುಚ್ಚಳ ಮೊದಲು ತೆಗೆಯಬೇಕು ಎಂಬ ಚರ್ಚೆ ಶುರು. ನಮ್ಮಲ್ಲಿ ಒಗ್ಗರಣೆ ಡಬ್ಬಿಯ ಪಕ್ಷ ಅತ್ತೆಯವರದು, ತೀರ್ಥಹಳ್ಳಿ ಕಡೆಯವರು. ಮಾತ್ರೆ ಡಬ್ಬಿಯ ಪಕ್ಷ ನಮ್ಮನೆಯವರದು. ನಾನು ಎರಡೂ ಕಡೆ ಹಾಜರಿ ಹಾಕುವ ಪಕ್ಷೇತರ.

ಅತ್ತೆಯವರ ಶಾಸ್ತ್ರದಲ್ಲಿ ಕಾಯಿಲೆ ಇರುವುದು ನಾಲ್ಕೇ: ಉಷ್ಣ, ಶೀತ, ಪಿತ್ತ, ವಾಯು. ಈ ನಾಲ್ಕಕ್ಕೂ ಬಗ್ಗದೆ ಹೋದರೆ ದೃಷ್ಟಿ. ಕಣ್ಣು ಕೆಂಪಗಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮಗಳ ಮುಖದಲ್ಲಿ ಮೊಡವೆ ಎದ್ದರೆ ಉಷ್ಣ, ಆ ಮೊಡವೆ ಬಗ್ಗೆ ಮಾತಾಡಿದ್ದಕ್ಕೆ ಅವಳು ಸಿಡುಕಿದರೆ ಅದೂ ಉಷ್ಣವೇ. ಎಳನೀರು, ನೆನೆಸಿದ ಮೆಂತ್ಯ, ನೆತ್ತಿಗೆ ಹರಳೆಣ್ಣೆ. ಹಣ್ಣಂಗಡಿಯಲ್ಲೂ ಈ ವಿಭಜನೆ ಪಕ್ಕಾ: ಪಪಾಯಿ ಒಂದು ಕಡೆ, ಸೀಬೆ ಒಂದು ಕಡೆ. ನಮ್ಮನೆಯವರು ಇದಕ್ಕೆಲ್ಲ ಆಧಾರ ಕೇಳುತ್ತಾರೆ. "ಆಧಾರ ಎಂಥದು ಮಾರಾಯ, ನಿನ್ನನ್ನ ಸಾಕಿದ್ದೇ ಹಿಂಗೆ" ಅಂದುಬಿಟ್ಟರೆ ಮುಂದೆ ವಾದವಿಲ್ಲ.

ಶೀತಕ್ಕೆ ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಚೂರು ಮೆಂತ್ಯ, ಕಾಳುಮೆಣಸು, ಒಣಶುಂಠಿ. ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಘಮ ಬರುವವರೆಗೆ ಹುರಿಯಬೇಕು. ಒಟ್ಟಿಗೆ ಬಾಣಲೆಗೆ ಸುರಿದರೆ ಜೀರಿಗೆ ಸೀಯುತ್ತದೆ, ಕೊತ್ತಂಬರಿ ಹಸಿಯಾಗೇ ಉಳಿಯುತ್ತದೆ. ಪುಡಿ ಮಾಡಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ ಹಾಕಿ, ಸೋಸಿ. ಕೆಮ್ಮು ಜಾಸ್ತಿ ಇದ್ದರೆ ಕುಂಡದ ದೊಡ್ಡಪತ್ರೆ ಎಲೆಯನ್ನು ಗ್ಯಾಸಿನ ಉರಿಗೆ ಹಿಡಿದು, ಬಾಡಿದ ಮೇಲೆ ಅಂಗೈಯಲ್ಲೇ ಹಿಂಡಿ, ನಾಲ್ಕು ಹನಿ ರಸಕ್ಕೆ ಜೇನುತುಪ್ಪ. ಇಷ್ಟಾಗುವಷ್ಟರಲ್ಲಿ ರೋಗಿಯನ್ನು ಹಾಸಿಗೆ ಮೇಲೆ ಕೂರಿಸಿ, ಕಿವಿಗೆ ಮಫ್ಲರ್ ಸುತ್ತಿ, ಫ್ಯಾನ್ ಆರಿಸಿ, ಶಾಲೆಗೆ ರಜೆ ಹೇಳಿ ಆಗಿರುತ್ತದೆ. ದಿನಕ್ಕೆ ನಾಲ್ಕು ಸಲ ಬಿಸಿ ಬಿಸಿ ಏನಾದರೂ ಒಳಗೆ ಹೋಗುತ್ತದೆ, ಮಧ್ಯಾಹ್ನ ಮೆಣಸಿನ ಸಾರು, ರಾತ್ರಿ ಗಂಜಿ. ನೆಗಡಿಯ ವೈರಸ್ಸು ತನ್ನ ಪಾಡಿಗೆ ತಾನು ವಾರಕ್ಕೋ ಹತ್ತು ದಿನಕ್ಕೋ ಹೊರಟುಹೋಗುತ್ತದೆ, ಅದನ್ನು ಕೊಲ್ಲುವ ಮದ್ದು ಯಾವ ಡಬ್ಬಿಯಲ್ಲೂ ಇಲ್ಲ. ಹಾಗಾಗಿ ನನ್ನದೊಂದು ಅನುಮಾನ: ಕಷಾಯದ ಗುಣ ಲೋಟದಲ್ಲಿ ಎಷ್ಟಿದೆಯೋ, ಅದನ್ನು ಮಾಡುವ ಗಲಾಟೆಯಲ್ಲೂ ಅಷ್ಟೇ ಇದೆ. ಕುಟ್ಟುವ ಸದ್ದು ಕೇಳಿದ ಮೇಲೆ ಯಾರಿಗೂ ಎದ್ದು ಆಫೀಸಿಗೆ ಹೋಗುವ ಧೈರ್ಯ ಬರುವುದಿಲ್ಲ. ಮಾತ್ರೆಯ ಕಷ್ಟ ಇರುವುದು ಇಲ್ಲೇ. ಎರಡು ಸೆಕೆಂಡಿನಲ್ಲಿ ನುಂಗಿ, ಮೈಯಲ್ಲಿ ಜ್ವರ ಇಟ್ಟುಕೊಂಡೇ ಮನುಷ್ಯ ಬಸ್ ಹತ್ತಿಬಿಡುತ್ತಾನೆ.

ಹಾಗಂತ ಅತ್ತೆ ಪಕ್ಷಕ್ಕೆ ಪೂರ್ತಿ ಬೆಂಬಲ ಕೊಡುವಂತಿಲ್ಲ. ಬಾಣಂತನಕ್ಕೆ ಬಂದ ನಾದಿನಿಯ ಕೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಲು ಹೊರಟಾಗ ನಾನೇ ಅಡ್ಡ ನಿಂತೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡುವುದಿಲ್ಲ, ಕೂಸಿನ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ. "ಹಂಗಾದ್ರೆ ನಿನ್ನ ಗಂಡ ಹೆಂಗೆ ಬದುಕಿದ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಜೇನಿನ ಬಾಟಲಿ ಮಾತ್ರ ನನ್ನ ಹತ್ತಿರವೇ ಇತ್ತು.

ಕಾಯಿಲೆ ಬರುವ ಮೊದಲೇ ಮದ್ದು ಕುಡಿಯುವವರೆಂದರೆ ತುಳುನಾಡಿನವರು. ಅವರ ಆಟಿ ತಿಂಗಳ ಅಮಾವಾಸ್ಯೆಯ ದಿನ, ಸೂರ್ಯ ಹುಟ್ಟುವ ಮೊದಲು, ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರಬೇಕು. ಕತ್ತಿ ತಾಗಿಸುವಂತಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಸಿದ ಬೆಣಚುಕಲ್ಲನ್ನು ಅದಕ್ಕೆ ಬಿಟ್ಟು ಚುಂಯ್ ಅನ್ನಿಸಿ, ಖಾಲಿ ಹೊಟ್ಟೆಗೆ ಒಂದು ಲೋಟ. ಆಮೇಲೆ ತಂಪಿಗೆ ಮೆಂತ್ಯದ ಗಂಜಿ. ಮಂಗಳೂರಿನ ಗೆಳತಿ ಒಮ್ಮೆ ಕುಡಿಸಿದ್ದಳು. ಆ ಕಹಿ ನಾಲಿಗೆಯಿಂದ ಇಳಿಯಲು ಅಮಾವಾಸ್ಯೆ ಕಳೆದು ಪಾಡ್ಯ ಬರಬೇಕಾಯಿತು. ವರ್ಷವಿಡೀ ಇದರಿಂದ ರೋಗ ಬಾರದೋ ಇಲ್ಲವೋ, ಮರ ಗುರುತಿಸಲು ಬಾರದವರು ಕತ್ತಲಲ್ಲಿ ಈ ಸಾಹಸಕ್ಕೆ ಹೋಗಬಾರದು. ಕಾಸರಕದ ಮರವೂ ಅದೇ ಊರಿನಲ್ಲೇ ಬೆಳೆಯುತ್ತದೆ, ಅದರಲ್ಲಿರುವುದು ಸ್ಟ್ರಿಕ್ನೀನ್, ಅಪ್ಪಟ ವಿಷ.

ಈಗ ಮಾತ್ರೆ ಡಬ್ಬಿ. ಮುಚ್ಚಳ ತೆಗೆದರೆ ಮೊದಲು ಸಿಗುವುದು ಹೆಸರಿಲ್ಲದ ಮಾತ್ರೆಗಳು. ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಶೀಟಿನಿಂದ ಕತ್ತರಿಸಿ ಕೊಡುತ್ತಾರಲ್ಲ, ಅವಧಿ ಮುಗಿಯುವ ತಾರೀಕು ಅಂಗಡಿಯಲ್ಲಿ ಉಳಿದ ತುಂಡಿಗೆ ಹೋಗಿರುತ್ತದೆ, ನಮಗೆ ಸಿಕ್ಕಿದ್ದರಲ್ಲಿ 'ಟ್ಯಾಬ್ಲೆಟ್ಸ್ ಐಪಿ' ಅನ್ನುವಷ್ಟೇ. ಅದು ಅತ್ತೆಯ ಮಂಡಿನೋವಿನದೋ, ನಾಯಿಯ ಜಂತುಹುಳುವಿನದೋ ದೇವರಿಗೇ ಗೊತ್ತು. ಅದರ ಕೆಳಗೆ ಮುಚ್ಚಳ ಅಂಟಿಕೊಂಡ ಕೆಮ್ಮಿನ ಸಿರಪ್ಪು, ಯಾವತ್ತೋ ತೆರೆದ ಕಣ್ಣಿನ ಡ್ರಾಪ್ಸು. ತೆರೆದು ಒಂದು ತಿಂಗಳಾದ ಮೇಲೆ ಕಣ್ಣಿನ ಡ್ರಾಪ್ಸ್ ಎಸೆಯಬೇಕು ಅನ್ನುತ್ತಾರೆ, ಆದರೆ ಪೂರ್ತಿ ಖಾಲಿಯಾಗದ ಬಾಟಲಿ ಎಸೆಯಲು ನಮ್ಮ ಮಧ್ಯಮವರ್ಗದ ಕೈ ಏಳುವುದಿಲ್ಲ. ತಳದಲ್ಲಿ ಬೆನ್ನ ಮೇಲೆ ಕೆಂಪು ಗೆರೆ ಇರುವ ಆಂಟಿಬಯಾಟಿಕ್ ಶೀಟು, ಐದು ದಿನದ ಕೋರ್ಸಿನಲ್ಲಿ ಎರಡೇ ದಿನ ನುಂಗಿ ಬಿಟ್ಟದ್ದು. ಈ ಗೆರೆಯ ಅರ್ಥ ಜನಕ್ಕೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಮಾಡಿತು: ಡಾಕ್ಟರ ಚೀಟಿ ಇಲ್ಲದೆ ಇದನ್ನು ಮುಟ್ಟಬೇಡಿ. ನಮ್ಮಲ್ಲಿ ಏನಾಗುತ್ತದೆಂದರೆ, ಉಳಿದ ಮೂರು ದಿನದ್ದನ್ನು ಪಕ್ಕದ ಮನೆಯವರ ಗಂಟಲುನೋವಿಗೆ ದಾನ ಕೊಡುತ್ತೇವೆ.

ಒಂದು ಮೂಲೆಯಲ್ಲಿ ಅಮೃತಾಂಜನದ ಶೀಷೆ. ಇದು ಎರಡೂ ಪಕ್ಷಕ್ಕೆ ಸಲ್ಲುವ ಒಂದೇ ವಸ್ತು. 1893ರಲ್ಲಿ ಮುಂಬಯಿಯಲ್ಲಿ ಇದನ್ನು ಶುರುಮಾಡಿದವರು ಕಾಶೀನಾಥುನಿ ನಾಗೇಶ್ವರ ರಾವ್ ಎಂಬ ತೆಲುಗರು. ಮುಲಾಮು ಮಾರಿ ಬಂದ ದುಡ್ಡಿನ ಬಲದಿಂದ 'ಆಂಧ್ರ ಪತ್ರಿಕ' ನಡೆಸಿದರು. ತಲೆನೋವು ಕಳೆದು ಗಳಿಸಿದ್ದನ್ನು ಪತ್ರಿಕೆಗೆ ಹಾಕಿದ ಮಹಾನುಭಾವರನ್ನು ನೆನೆದಾಗಲೆಲ್ಲ, ಬೆಳಿಗ್ಗೆ ಪೇಪರ್ ಓದಿ ಹಣೆ ಒತ್ತಿಕೊಳ್ಳುವ ನಮ್ಮನೆಯವರನ್ನು ನೋಡಿ ಈ ವ್ಯವಹಾರ ಎಷ್ಟು ಚೆನ್ನಾಗಿ ಕುದುರಿದೆ ಅನಿಸುತ್ತದೆ.

ಡಬ್ಬಿಯ ಯಜಮಾನಿಕೆ ಮಾತ್ರ ಡೋಲೋ 650ರದ್ದೇ. ನಮ್ಮ ಬೆಂಗಳೂರಿನ ಕಂಪನಿಯ ಮಾತ್ರೆ, ಕೊರೊನಾ ಕಾಲದಲ್ಲಿ ಕಡಲೆಕಾಯಿಗಿಂತ ಹೆಚ್ಚು ಕೈ ಬದಲಾಯಿಸಿತು. ಒಳಗಿರುವುದು ಪ್ಯಾರಾಸಿಟಮಾಲ್, ಲೆಕ್ಕದಲ್ಲಿ ತಗೊಂಡರೆ ಸಾಧು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650ರದ್ದು ಆರು ನುಂಗಿದರೆ ಗಡಿಗೆ ಬಂದು ನಿಂತ ಹಾಗೆ. ತೂಕ ಕಡಿಮೆಯವರಿಗೆ, ಲಿವರ್ ತೊಂದರೆಯವರಿಗೆ, ದಿನಾ ಕುಡಿಯುವವರಿಗೆ ಗಡಿ ಅದಕ್ಕೂ ಮೊದಲೇ. ಯಾರೂ ಆರು ನುಂಗುವುದಿಲ್ಲ ನಿಜ, ಆದರೆ ಶೀತದ ಮಾತ್ರೆ ಬೇರೆ, ಮೈಕೈನೋವಿನ ಮಾತ್ರೆ ಬೇರೆ ಅಂದುಕೊಂಡು ಜೊತೆಗೆ ನುಂಗುತ್ತೇವೆ. ಶೀಟಿನ ಬೆನ್ನಿನ ಇರುವೆ ಅಕ್ಷರ ಓದಿದರೆ ಬಹಳಷ್ಟರಲ್ಲಿ ಅದೇ ಪ್ಯಾರಾಸಿಟಮಾಲ್ ವೇಷ ಬದಲಿಸಿ ಕೂತಿರುತ್ತದೆ.

ನನ್ನನ್ನು ಕೇಳಿದರೆ ಆ ಡಬ್ಬಿಯಲ್ಲಿ ಅತಿ ದೊಡ್ಡ ಮದ್ದು ಅತಿ ಅಗ್ಗದ್ದೇ: ವಾಂತಿ ಭೇದಿಯಾದಾಗ ನೀರಿಗೆ ಕದಡಿ ಕುಡಿಸುವ ಓಆರ್‌ಎಸ್ ಪೊಟ್ಟಣ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರ ಹತ್ತಿರ ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂತು. ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ನೀರಿನಲ್ಲಿ ಕದಡಿ ಡ್ರಮ್ಮಿಗೆ ತುಂಬಿಸಿ, ಲೋಟವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿ ಅಂದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಸರ್ಕಾರ 2023ರಲ್ಲಿ ಪದ್ಮವಿಭೂಷಣ ಕೊಟ್ಟಿತು, ಅಷ್ಟರಲ್ಲಿ ಅವರು ತೀರಿಕೊಂಡು ತಿಂಗಳುಗಳಾಗಿದ್ದವು. ವಿದ್ಯೆ ಬಹಳ ಸರಳ: ಕರುಳು ಎಷ್ಟೇ ಕೆಟ್ಟಿದ್ದರೂ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸಕ್ಕರೆ ಉಪ್ಪನ್ನು ಕರೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಯಳತೆ ಇಲ್ಲಿ ನಡೆಯುವುದಿಲ್ಲ. ಪೊಟ್ಟಣವನ್ನೂ ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಕದಡಬೇಕು. ಲೋಟಕ್ಕೆ ಚೂರು ಉದುರಿಸಿ, ಉಳಿದದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಇಡುವುದು ಜಾಣತನವಲ್ಲ. ಇದನ್ನೆಲ್ಲ ನಮ್ಮನೆಯವರು ಗಂಭೀರವಾಗಿ ವಿವರಿಸಿದಾಗ ಅತ್ತೆ ಕೇಳಿಸಿಕೊಂಡು, "ಅಂದ್ರೆ ಉಪ್ಪು ಹಾಕಿದ ಗಂಜಿತಿಳಿ ಅನ್ನು" ಅಂದರು. ಹೆಚ್ಚು ಕಮ್ಮಿ ಹೌದು. ಅಕ್ಕಿಯ ಗಂಜಿಯಿಂದ ಮಾಡುವ ಓಆರ್‌ಎಸ್ ಕೂಡ ಇದೆ. ಎರಡರಲ್ಲಿ ಯಾವುದಾದರೂ ಸರಿ, ವಾಂತಿ ಆಗುತ್ತಿರುವ ಮಗುವಿಗೆ ಲೋಟ ಎತ್ತಿ ಕುಡಿಸಲಾಗದು. ಒಂದು ಚಮಚ, ಎರಡು ನಿಮಿಷ ಬಿಟ್ಟು ಇನ್ನೊಂದು ಚಮಚ, ಯಾರೋ ಒಬ್ಬರು ಪಕ್ಕದಲ್ಲಿ ಕೂತಿರಲೇಬೇಕು. ಮಗು ಮಂಕಾದರೆ, ಮೂತ್ರವೇ ಆಗದಿದ್ದರೆ ಮಾತ್ರ ಚಮಚ ಕೆಳಗಿಟ್ಟು ಆಸ್ಪತ್ರೆಗೆ ಓಡಬೇಕು.

ಸುಟ್ಟ ಗಾಯದ ವಿಷಯದಲ್ಲಿ ಎರಡು ಡಬ್ಬಿಯೂ ಬೇಡ. ಒಂದು ಕಡೆಯವರು ಅರಿಶಿನ, ಇನ್ನೊಂದು ಕಡೆಯವರು ಟೂತ್‌ಪೇಸ್ಟ್ ಹಿಡಿದು ಬರುತ್ತಾರೆ. ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯುವುದೇ ಮದ್ದು, ಐಸೂ ಬೇಡ.

ಡೆಂಗಿಯದ್ದು ಬೇರೆ ಕಥೆ. ಜ್ವರ ಬಂದ ಮೇಲೆ ಪಪಾಯಿ ಎಲೆ ಹುಡುಕಿಕೊಂಡು ಇಡೀ ಬೀದಿ ಅಲೆಯುವ ನಾವು, ಫ್ರಿಜ್ಜಿನ ಹಿಂದೆ ಒಂದು ಟ್ರೇ ಇದೆ, ಅದರಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಮರೆತಿರುತ್ತೇವೆ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸುಮಾರು ಒಂದು ವಾರ ಸಾಕು, ಕಚ್ಚುವುದು ಹಗಲಿನಲ್ಲಿ. ಭಾನುವಾರಕ್ಕೊಮ್ಮೆ ಟ್ರೇ, ಕುಂಡದ ತಟ್ಟೆ, ಟೆರೇಸಿನ ಒಡೆದ ಬಕೆಟ್ಟು ಬೋರಲು ಹಾಕಿದರೆ ಮುಗಿಯಿತು. ಈ ಕೆಲಸಕ್ಕೆ ಮಾತ್ರ ಎರಡೂ ಪಕ್ಷದವರು ನಾಪತ್ತೆ, ಪಕ್ಷೇತರರೇ ಬಗ್ಗಬೇಕು. ಇನ್ನೊಂದು ಮಾತು: ಡೆಂಗಿ ಇರಬಹುದು ಅನಿಸಿದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿದ ದಿನವೇ ನಿಜವಾದ ಎಚ್ಚರದ ದಿನ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಹೊರಡಿ.

ಇತ್ತೀಚೆಗೆ ಡಬ್ಬಿಯಲ್ಲಿ ಹಿಡಿಸದೆ ಟಿವಿ ಪಕ್ಕ ಜಾಗ ಮಾಡಿಕೊಂಡಿರುವುದು ಬಿಪಿ ಮಷೀನು. ಅದು ಬಂದಾಗಿನಿಂದ ನಮ್ಮನೆಗೆ ಬರುವವರ ಸಂಖ್ಯೆ ಏರಿದೆ. ಊಟ ಮುಗಿಸಿ, ಕಾಫಿ ಕುಡಿದು, "ಹಂಗೇ ನಂದೂ ಒಂದ್ಸಲ ನೋಡ್ಬಿಡಿ" ಅಂತ ತೋಳು ಚಾಚುತ್ತಾರೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಬೆನ್ನಿಗೆ ಆಸರೆ ಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು, ಐದು ನಿಮಿಷ ಸುಮ್ಮನೆ ಕೂತಿರಬೇಕು, ಅಳೆಯುವಾಗ ಮಾತಾಡಬಾರದು. ಕೊನೆಯದೊಂದು ಬಿಟ್ಟು ಬೇರೆ ಎಲ್ಲವನ್ನೂ ಜನ ಒಪ್ಪುತ್ತಾರೆ. ಎದುರು ಮನೆಯವರು ಮೊನ್ನೆ ಬಂದು ಪಟ್ಟಿ ಸುತ್ತಿಸಿಕೊಂಡವರೇ, ಮಷೀನು ಉಬ್ಬುತ್ತಿದ್ದ ಹಾಗೆ, "ನಮ್ಮ ಸೊಸೆ ಇವತ್ತೇನ್ ಮಾಡಿದ್ಲು ಗೊತ್ತಾ" ಅಂತ ಶುರುಮಾಡಿದರು. ಮೇಲಿನ ಅಂಕಿ 158 ತೋರಿಸಿತು. ಒಳಗಿನಿಂದ ಅತ್ತೆ, "ಸೊಸೆ ವಿಷಯ ಬಿಡ್ಸಿ ಇನ್ನೊಂದ್ಸಲ ನೋಡೇ" ಅಂದರು. ಕಷ್ಟಪಟ್ಟು ತುಟಿ ಬಿಗಿದು ಕೂತರು, 144ಕ್ಕೆ ಇಳಿಯಿತು. ಅವರ ಮುಖವೂ ಇಳಿಯಿತು. "ನಿಮ್ಮ ಮಷೀನ್ ಯಾಕೋ ಸರಿ ಇಲ್ಲ ಕಣ್ರೀ, ಮೊದಲು ತೋರಿಸಿದ್ದೇ ಸರಿ" ಅಂದು, ಅದನ್ನೇ ಸೊಸೆಗೆ ಹೇಳಲು ಎದ್ದು ಹೊರಟರು.