ಸ್ಕೂಲಿಗೆ ನಡ್ಕೊಂಡು ಹೋಗೋ ಸಾಹಸಿಗಳಿಗೊಂದು ಸ್ಮಾರ್ಟ್ ಜಾಕೆಟ್

ಸಾಹಸ ಮಾಡೋ ಮಕ್ಕಳಿಗೆ ಸ್ಮಾರ್ಟ್ ಸೇಫ್ಟಿ ಬಟ್ಟೆ ಕಂಡುಹಿಡೀಬೇಕು ಅಂತ ಸುಮಾರು ಜನ ತಲೆ ಕೆಡಿಸ್ಕೊಂಡಿದಾರೆ, ಬಿದ್ರೆ ತಾನಾಗೇ ಉಬ್ಬೋ ಜಾಕೆಟ್ಟು, ಅಮ್ಮನ ಫೋನಿಗೆ ಮೆಸೇಜ್ ಕಳಿಸೋ ಶೂ, ಇಂಥವೆಲ್ಲ. ಟೆಸ್ಟಿಂಗ್‌ಗೆ ಬೆಟ್ಟ ಗುಡ್ಡ ಯಾಕ್ರೀ ಹುಡುಕ್ತೀರಾ? ಬೆಂಗಳೂರಿಗೆ ಬನ್ನಿ ಸ್ವಾಮಿ, ಇಲ್ಲಿ ಮಗು ಮನೆಯಿಂದ ಸ್ಕೂಲಿಗೆ ಫುಟ್‌ಪಾತ್ ಮೇಲೆ ಹೋದ್ರೆ ಸಾಕು, ಟ್ರೆಕ್ಕಿಂಗು, ಲಾಂಗ್ ಜಂಪು, ಮಳೆ ಬಂದ್ರೆ ರಾಫ್ಟಿಂಗು, ಎಲ್ಲ ಒಂದೇ ಕಿಲೋಮೀಟರಲ್ಲಿ ಆಗೋಗುತ್ತೆ.

ಸರ್ಕಾರಕ್ಕೂ ಇದು ಗೊತ್ತಿರೋ ಹಾಗಿದೆ, ಅದಕ್ಕೇ ರಸ್ತೆ ತಂಟೆಗೆ ಹೋಗದೆ ಮಗುನೇ ಪ್ಯಾಕ್ ಮಾಡೋದು ಅಂತ ಡಿಸೈಡ್ ಮಾಡಿದಾರೆ. ಜೋಕ್ ಅಲ್ಲ, 2022ರ ಫೆಬ್ರವರಿಲಿ ಕೇಂದ್ರ ಮೋಟಾರು ವಾಹನ ನಿಯಮ ತಿದ್ದಿ, 9 ತಿಂಗಳಿಂದ 4 ವರ್ಷದ ಮಕ್ಕಳನ್ನ ಬೈಕಲ್ಲಿ ಕರ್ಕೊಂಡು ಹೋದ್ರೆ ಹೆಲ್ಮೆಟ್ಟು, ಸೇಫ್ಟಿ ಹಾರ್ನೆಸ್ಸು ಕಡ್ಡಾಯ ಅಂದ್ರು, 2023ರಿಂದ ಜಾರಿ. ಮಗುಗೆ ಒಂದು ನೈಲಾನ್ ವೆಸ್ಟು, ಅದರ ಪಟ್ಟಿ ಗಾಡಿ ಓಡಿಸೋರ ಭುಜಕ್ಕೆ. ಹಗುರ ಇರ್ಬೇಕು, ನೀರು ಹಿಡೀಬಾರ್ದು, 30 ಕೆಜಿ ತಡೀಬೇಕು. ನಾಲ್ಕು ವರ್ಷದ ಮಗು ಹೆಚ್ಚುಕಮ್ಮಿ ಅದರ ಅರ್ಧ ತೂಗುತ್ತೆ, ಇನ್ನರ್ಧ ಯಾಕಪ್ಪಾ ಅಂದ್ಕೊಂಡೆ, ಆಮೇಲೆ ಎಲ್‌ಕೆಜಿ ಬ್ಯಾಗ್ ನೆನಪಾಯ್ತು. ಗಾಡಿ 40 ಕಿ.ಮೀ. ಸ್ಪೀಡ್ ದಾಟಬಾರದು ಅಂತಾನೂ ಇದೆ. ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆಯೋರು ಇದೊಂದು ಕಾನೂನನ್ನ ಬೆಳಿಗ್ಗೆ ಸಂಜೆ ಚಾಚೂ ತಪ್ಪದೆ ಪಾಲಿಸ್ತಾರೆ.

ರೂಲ್ ಕೆಟ್ಟದ್ದಲ್ಲ, ಖಂಡಿತ ಹಾಕ್ಸಿ. ಆದ್ರೆ ವೆಸ್ಟಿನ ನೈಲಾನ್ ಎಂಥದ್ದು, ಒಳಗಿನ ಫೋಮ್ ಎಂಥದ್ದು ಅಂತ ಇಷ್ಟು ಮುತುವರ್ಜಿಯಿಂದ ಬರೆಯೋ ವ್ಯವಸ್ಥೆ, ಚರಂಡಿ ಸ್ಲ್ಯಾಬ್ ವಿಷ್ಯ ಬಂದ ತಕ್ಷಣ "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಎದ್ದು ಹೋಗುತ್ತೆ ನೋಡಿ, ಅಲ್ಲೇ ನನಗೆ ಉರಿಯೋದು. ಕೇಂದ್ರ ಬೇರೆ ಪಾಲಿಕೆ ಬೇರೆ ಅಂತೀರಾ? ಬೀಳೋ ಮಗುಗೆ ಅದೆಲ್ಲ ಗೊತ್ತಾಗಲ್ಲ. 2023ರ ನವೆಂಬರಲ್ಲಿ ಕಾಡುಗೋಡಿ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ಕರೆಂಟ್ ವೈರ್ ತುಳಿದು ತಾಯಿ, ಮಗು ಇಬ್ರೂ ಹೋದ್ರು. ಮಗುಗೆ 9 ತಿಂಗಳು, ಹಾರ್ನೆಸ್ ಹಾಕೋ ವಯಸ್ಸೇ. ಬೈಕಲ್ಲಿರ್ಲಿಲ್ಲ, ಅಷ್ಟೇ.

ಹಾಗಾಗಿ ನಾನೂ ಒಂದು ಡಿಸೈನ್ ಮಾಡಿದೀನಿ, ಟೆಂಡರ್ ಕರೆದ್ರೆ ಹಾಕ್ತೀನಿ. ಶೂ ಮುಂದೆ ಎಲೆಕ್ಟ್ರಿಷಿಯನ್ ಜೇಬಲ್ಲಿರುತ್ತಲ್ಲ ಆ ಟೆಸ್ಟರು, ಲೈಟ್ ಹತ್ತಿದ್ರೆ ಮಗು ಕಾಲು ಇಡಬಾರದು. ಸೊಂಟಕ್ಕೆ ಬ್ಲೂಟೂತ್ ಉಡುದಾರ. ದೃಷ್ಟಿಬೊಟ್ಟಿನ ಜಾಗದಲ್ಲಿ ಕ್ಯಾಮೆರಾ, ಫುಟ್‌ಪಾತ್ ಮೇಲೆ ಬರೋ ಬೈಕ್ ನಂಬರ್ ಹಿಡಿಯೋಕೆ. ಬೆನ್ನಿಗೆ ಎರಡು ಸೋರೆಬುರುಡೆ, ಹಿಂದೆ ಹಳ್ಳೀಲಿ ಬಾವಿಗೆ ಇಳಿಸಿ ಈಜು ಕಲಿಸ್ತಿದ್ರಲ್ಲ ಅದೇ, ಈಗ ಮಳೆ ನೀರು ತುಂಬೋ ಅಂಡರ್‌ಪಾಸಿಗೆ. ಆದ್ರೆ ನಿಜವಾದ ಸ್ಮಾರ್ಟ್ ಫೀಚರ್ ಅಂದ್ರೆ ಜಿಪಿಎಸ್ಸು. 2025ರ ಸೆಪ್ಟೆಂಬರಲ್ಲಿ ಇಡೀ ಊರಿಗಿದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಅಥಾರಿಟಿ, ಅದರ ಕೆಳಗೆ ಐದು ಪಾಲಿಕೆ ಬಂತಲ್ವಾ, ಇನ್ನು ಮಗು ಗುಂಡಿಗೆ ಬಿದ್ರೆ ಅದು ಯಾವ ಪಾಲಿಕೆ ಗುಂಡಿ, ಅಗೆದಿದ್ದು ಜಲಮಂಡಳಿಯೋ ಕರೆಂಟ್ ಕಂಪನಿ ಬೆಸ್ಕಾಂ ಕೇಬಲ್ಲಿನೋರೋ ಮೆಟ್ರೋದೋರೋ, ಎಲ್ಲ ಜಾಕೆಟ್ಟೇ ಲೆಕ್ಕ ಹಾಕಿ ಸರಿಯಾದ ಆಫೀಸಿಗೆ ಕಂಪ್ಲೇಂಟ್ ಕಳಿಸುತ್ತೆ. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಬರೋ ಉತ್ತರಾನ ಮಗುಗೇ ಓದಿ ಹೇಳುತ್ತೆ, ಗುಂಡಿ ಒಳಗಿದ್ರೂ ಕೇಳೋ ಹಾಗೆ ಜೋರಾಗಿ, ಅದೂ ಶುದ್ಧ ಕನ್ನಡದಲ್ಲಿ.

ವಾರಂಟಿ ಒಂದು ವರ್ಷ. ಷರತ್ತು ಒಂದೇ: ಬಿದ್ದ ಟೈಮಲ್ಲಿ ಬ್ಯಾಟರಿ 20 ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಗುಂಡಿ ಜವಾಬ್ದಾರಿ ಅಪ್ಪ ಅಮ್ಮಂದು.