ಕುಕ್ಕರ್ ಕೂಗಿಗೆ ನೂರು, ನಿರ್ವಾಣಕ್ಕೆ ಜಿಎಸ್‌ಟಿ ಪ್ರತ್ಯೇಕ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕಳೆದ ತಿಂಗಳು ಒಂದು ಸುತ್ತೋಲೆ ಅಂಟಿಕೊಂಡಿತು. ಪ್ರತಿ ಭಾನುವಾರ ಬೆಳಗ್ಗೆ 6.30ರಿಂದ 7.15ರವರೆಗೆ ಕ್ಲಬ್‌ಹೌಸಿನಲ್ಲಿ ಬೌದ್ಧ ಧ್ಯಾನ ನಡೆಯುವುದರಿಂದ ಆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಕುಕ್ಕರ್ ಕೂಗಬಾರದು. ಕೂಗಿದರೆ ಒಂದು ಕೂಗಿಗೆ 100 ರೂಪಾಯಿ ದಂಡ. ಅದರ ಪಕ್ಕದಲ್ಲಿಯೇ ಹಳೆಯ ಸುತ್ತೋಲೆ: ಮನೆಕೆಲಸದವರು ಈ ಲಿಫ್ಟ್ ಬಳಸಬಾರದು. ಎರಡಕ್ಕೂ ಒಂದೇ ಸಹಿ, ಒಂದೇ ಮೊಹರು. ಹೊಸದರ ಮೂಲೆಯಲ್ಲಿ ಮಾತ್ರ ಕಣ್ಣು ಮುಚ್ಚಿದ ಬುದ್ಧನ ಚಿತ್ರವಿದೆ. ಪಕ್ಕದ್ದು ಕಣ್ಣಿಗೆ ಬೀಳದಿರಲಿ ಎಂದೇ ಮುಚ್ಚಿಕೊಂಡಿರಬೇಕು.

ಇದೆಲ್ಲ ಶುರುವಾದದ್ದು ಪಾರ್ಕಿಂಗ್ ಜಗಳದಿಂದ. ಬಿ ಬ್ಲಾಕಿನವರ ಕಾರಿನ ಕನ್ನಡಿ ಮುರಿದ ಮೇಲೆ ಸರ್ವಸದಸ್ಯರ ಸಭೆಯಲ್ಲಿ ಒಂದು ಕುರ್ಚಿಯೂ ಮುರಿಯಿತು. ನಿವಾಸಿಗಳಲ್ಲಿ ‘ಮೈಂಡ್‌ಫುಲ್‌ನೆಸ್’, ಅಂದರೆ ಈ ಕ್ಷಣದ ಮೇಲಿನ ಗಮನ, ಸಾಲದು ಎಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಊರಾಚೆ ವಿಪಸ್ಸನಾ ಎಂಬ ಬೌದ್ಧ ಧ್ಯಾನದ ಕೇಂದ್ರವಿದೆ, ಹತ್ತು ದಿನ ಇದ್ದು ಬರಬಹುದಲ್ಲ ಎಂದು ನಾನು ಬಾಯಿ ಬಿಟ್ಟೆ. ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಮೊಬೈಲನ್ನು ಮೊದಲ ದಿನವೇ ಒಪ್ಪಿಸಬೇಕು, ರಾತ್ರಿ ಊಟವಿಲ್ಲ, ಒಂಬತ್ತು ದಿನ ಪಕ್ಕದವರೊಡನೆ ಕಣ್ಸನ್ನೆಯೂ ಕೂಡದು. ಇಷ್ಟಾದರೂ ಶುಲ್ಕವಿಲ್ಲ, ಶಿಬಿರ ಮುಗಿಸಿದವರು ಮನಸ್ಸಿದ್ದರೆ ದಾನ ಕೊಡುತ್ತಾರೆ. ಸಭೆಗೆ ಅನುಮಾನ ಹುಟ್ಟಿದ್ದೇ ಈ ಕೊನೆಯ ಮಾತಿನಿಂದ. ದುಡ್ಡು ತೆಗೆದುಕೊಳ್ಳದವರು ಹೇಳಿಕೊಡುವುದರ ಗುಣಮಟ್ಟ ಹೇಗಿದ್ದೀತು? ಕಡೆಗೆ ಕಾರ್ಪೊರೇಟ್ ಕಂಪನಿಗಳಿಗೆ ಹೋಗಿಬರುವ ತರಬೇತುದಾರರೊಬ್ಬರು ಗೊತ್ತಾದರು. ಮೇಂಟೆನೆನ್ಸ್ ಬಿಲ್ಲಿನಲ್ಲಿ ಡೀಸೆಲ್ ಜನರೇಟರಿಗೂ ಸೊಳ್ಳೆ ಹೊಗೆಗೂ ನಡುವೆ ‘ಅಂತರಂಗದ ಶಾಂತಿ’ ಎಂಬ ಸಾಲು ಮೂಡಿತು. ಜಿಎಸ್‌ಟಿ ಪ್ರತ್ಯೇಕ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ಕಬಟ್-ಜಿನ್ ಎಂಬವರು ವರ್ಷಗಟ್ಟಲೆ ನೋವಿನಿಂದ ನರಳುತ್ತಿದ್ದ ರೋಗಿಗಳಿಗಾಗಿ ಬೌದ್ಧ ಧ್ಯಾನದಿಂದ ಈ ಮೈಂಡ್‌ಫುಲ್‌ನೆಸ್‌ನ ಒಂದು ಕ್ರಮ ರೂಪಿಸಿದರು. ಅದು ಎಂಟು ವಾರದ್ದು. ನಮ್ಮಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಭಾನುವಾರಕ್ಕೆ ಇಳಿದಿದೆ. ನಮ್ಮ ರಾಗಿಯೇ ಪರದೇಶ ಸುತ್ತಿ ಡಬ್ಬಿ ಸೇರಿ ಬಂದಾಗ ಮುಗಿಬಿದ್ದು ಕೊಂಡವರು ನಾವು. ಉಸಿರು ಮಾತ್ರ ಯಾಕೆ ಅಗ್ಗಕ್ಕೆ ಸಿಗಬೇಕು?

ಮೊದಲ ಭಾನುವಾರ ತರಬೇತುದಾರರು ಕಂಚಿನ ಬಟ್ಟಲನ್ನು ಟಣ್ ಎನ್ನಿಸಿ, ಪಾಳಿ ಭಾಷೆಯ ‘ಸತಿ’ ಎಂಬ ಪದದಿಂದ ಆರಂಭಿಸಿದರು. ಸಂಸ್ಕೃತದ ಸ್ಮೃತಿಯೇ ಅದು. ಎಚ್ಚರ ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ತಿಳಿಯುವಂಥದ್ದಕ್ಕೆ ಶುಲ್ಕ ಕೇಳುವುದು ಕಷ್ಟ. “ಪ್ರತಿ ಉಸಿರಿನ ಮೇಲೂ ಸತಿ ಇರಲಿ” ಎಂದರು. ನಿವೃತ್ತ ಬ್ಯಾಂಕ್ ಮ್ಯಾನೇಜರರು ಕಣ್ಣು ಮುಚ್ಚಿಕೊಂಡೇ, “ನಲವತ್ತು ವರ್ಷದಿಂದ ಇದ್ದಾಳೆ ಸ್ವಾಮಿ, ಅದಕ್ಕೇ ಇಲ್ಲಿಗೆ ಬಂದೆ” ಎಂದರು. ಅಷ್ಟರಲ್ಲಿ ನೀರಿನ ಟ್ಯಾಂಕರ್ ಕುಂಯ್ ಕುಂಯ್ ಎನ್ನುತ್ತ ಹಿಂದಕ್ಕೆ ಬಂತು. ಆ ಸದ್ದನ್ನು ಸುಮ್ಮನೆ ಗಮನಿಸಿ, ಸಿಟ್ಟಾಗಬೇಡಿ ಎಂದು ತರಬೇತುದಾರರು ಹೇಳುತ್ತಿದ್ದಂತೆಯೇ ಖಜಾಂಚಿಗಳು ಎದ್ದು ಹೋಗಿ, ಸಿಟ್ಟಾಗಿ, ಟ್ಯಾಂಕರನ್ನು ವಾಪಸು ಕಳುಹಿಸಿ ಬಂದರು. ಅಂದು ಇಡೀ ಬ್ಲಾಕಿಗೆ ಸ್ನಾನವಿಲ್ಲ.

ನನಗೆ ತಿಳಿದಮಟ್ಟಿಗೆ ಮೌನ ಎಂದರೆ ನಾವು ಸುಮ್ಮನಿರುವುದು. ನಮ್ಮ ನಿವಾಸಿಗಳ ಸಂಘದ ಪ್ರಕಾರ ಉಳಿದವರನ್ನು ಸುಮ್ಮನಿರಿಸುವುದು. ಸೊಪ್ಪಿನವಳು ಗೇಟಿನಾಚೆಯೇ ನಿಲ್ಲಬೇಕು, ಅದೂ ಕೂಗದೆ. ಕಸದ ಆಟೋದವನು ಹಾಡು ಹಾಕುವಂತಿಲ್ಲ. ಇತ್ತ ಧ್ಯಾನಿಗಳು ‘ಆರ್ಯಮೌನ’ ಎಂಬ ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡಿದ್ದಾರೆ. ಒಂದು ಬೆಳಗ್ಗೆ ಏಳುವಷ್ಟರಲ್ಲಿ ಅದರಲ್ಲಿ 214 ಸಂದೇಶಗಳಿದ್ದವು. ಸ್ವಂತ ಮನೆಯವರಿಗೆ ಮುಂದಿನ ಸಾಲು, ಬಾಡಿಗೆಯವರಿಗೆ ಹಿಂದಿನ ಸಾಲು ಎಂಬ ಸಲಹೆಯ ಮೇಲೆ ರಾತ್ರಿಯೆಲ್ಲ ಚರ್ಚೆ. ಬುದ್ಧನ ಕುಲದವರೇ ಆದ ಶಾಕ್ಯ ರಾಜಕುಮಾರರು ಭಿಕ್ಷುಗಳ ಸಂಘ ಸೇರಲು ಬಂದಾಗ, ತಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಸೊಕ್ಕು ಇಳಿಯುತ್ತದೆ ಎಂದು ಅವರೇ ಬುದ್ಧನನ್ನು ಕೇಳಿಕೊಂಡ ಕಥೆಯನ್ನು ನಾನು ಗುಂಪಿನಲ್ಲಿ ಹಾಕಿದೆ. ಮೂವರು ಕೈಮುಗಿದ ಚಿಹ್ನೆ ಒತ್ತಿದರು. ನಾಲ್ಕನೆಯವರು, ಉಪಾಲಿ ಸ್ವಂತ ಮನೆಯವನೋ ಬಾಡಿಗೆಯವನೋ ಎಂದು ಕೇಳಿದರು.

ನಾಲ್ಕನೆಯ ಭಾನುವಾರ ಎಲ್ಲರಿಗೂ ‘ಜಾಗೃತ ನಿವಾಸಿ’ ಎಂಬ ಪ್ರಮಾಣಪತ್ರ ಸಿಕ್ಕಿತು. ಒಂದು ದಿನವೂ ಬಾರದ ಅಧ್ಯಕ್ಷರಿಗೆ ಚೌಕಟ್ಟು ಹಾಕಿಸಿ ಕೊಟ್ಟರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಒಂದು ಮಾತು ಕೊರೆಸಿದ್ದಾನೆ: ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷ ಆಯಿತು, ಆದರೆ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ ಎಂದು. ಚಕ್ರವರ್ತಿಯಾಗಿ ಇಷ್ಟನ್ನು ಒಪ್ಪಿಕೊಂಡವನಿಗೆ ನಮ್ಮ ಸಂಘ ಪ್ರಮಾಣಪತ್ರ ಕೊಡುತ್ತಿರಲಿಲ್ಲ; ಹಾಜರಾತಿ ಸಾಲದು.

ಅದೇ ದಿನ 7.05ಕ್ಕೆ ಕ್ಲಬ್‌ಹೌಸಿನ ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು. ಒಂದಲ್ಲ, ಮೂರು ಸಲ. ತೊಗರಿಬೇಳೆಯ ಪರಿಮಳ ಇಳಿದು ಬಂದು, ಅಷ್ಟೂ ಜನರ ಗಮನ ಮೊದಲ ಬಾರಿಗೆ ಒಂದೇ ಕಡೆ ನೆಲೆಸಿತು. ಕಾರ್ಯದರ್ಶಿಗಳು ದಂಡದ ಪುಸ್ತಕ ಹಿಡಿದು ಮೇಲೆ ಹೋದರು. ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದರು. ಬಾಗಿಲು ತೆರೆದ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು.

“ಬುದ್ಧನಿಗೆ ಸುಜಾತೆ ಪಾಯಸ ಕೊಟ್ಟಳಲ್ಲಪ್ಪ, ಅವಳು ಪಾತ್ರೆ ಸದ್ದು ಮಾಡದೆ ಮಾಡಿದಳೇ?”

ನಿಯಮ ಎಲ್ಲರಿಗೂ ಒಂದೇ ಎಂದರು ಕಾರ್ಯದರ್ಶಿಗಳು. ಅಜ್ಜಿ ವಾದ ಮಾಡಲಿಲ್ಲ. ಒಳಗೆ ಹೋಗಿ, ಸಾಸಿವೆ ಡಬ್ಬಿಯಿಂದ ನೋಟುಗಳನ್ನು ತೆಗೆದು ಎಣಿಸುತ್ತ ಬಂದರು.

“ಬೇಳೆಗೆ ಮೂರು ಕೂಗು, ಮುನ್ನೂರು. ಮುಂದಿನ ವಾರ ಕಡಲೆಕಾಳು ಹುಳಿ. ಅದಕ್ಕೆ ಆರು ಕೂಗಾದರೂ ಬೇಕು. ಒಟ್ಟು ಒಂಬೈನೂರು, ಎಣಿಸಿಕೊಳ್ಳಿ. ರಸೀದಿ ಕೊಡಿ.”